ಕಡಲ ತಳದ ಮನೆ, ಒಂದು ಖಾಲಿ ಡಬ್ಬಿ



ಸಿಂಧನೂರು ತಾಲ್ಲೂಕಿನ ಗೊರೇಬಾಳದಿಂದ ಸಮುದ್ರ ಬಹಳ ದೂರ. ಅಲ್ಲಿಯವರಿಗೆ ನೀರೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತದ ಗದ್ದೆ, ಊರ ಬಾವಿ. ಆದರೂ ಕಡಲ ತಳದಲ್ಲಿ ಮನೆ ಮಾಡಿ ಬದುಕಲು ಹೋದ ಒಬ್ಬ ಎಂಜಿನಿಯರನ ಕಥೆಯನ್ನು ಆ ಸೀಮೆಯಿಂದಲೇ ಆರಂಭಿಸೋಣ. ಅದಕ್ಕೆ ಕಾರಣವಿದೆ.

ಗೊರೇಬಾಳ, ಮಸ್ಕಿ, ಲಿಂಗಸುಗೂರು ಕಡೆಯ ಹಿರಿಯರನ್ನು ಹಗೇವಿನ ಬಗ್ಗೆ ಕೇಳಿ ನೋಡಿ. ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದಲ್ಲಿ ತೋಡುತ್ತಿದ್ದ ಕಣಜ ಅದು. ಬಾಯಿ ಕಿರಿದು, ಒಡಲು ಅಗಲ. ಹಗೇವನ್ನು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಮೆಲ್ಲಗೆ ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು. ಈ ಎಚ್ಚರ ತಪ್ಪಿದ ಕಡೆ ಜೀವ ಹೋಗಿದೆ. ಕೂಡಿಟ್ಟ ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗೆ ಅದು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ.

1969ರ ಫೆಬ್ರವರಿ 17ರ ಬೆಳಗಿನ ಜಾವ, ಅಮೆರಿಕದ ಕ್ಯಾಲಿಫೋರ್ನಿಯಾ ತೀರದಾಚೆ, ಸಮುದ್ರದ 186 ಮೀಟರ್ ಆಳದಲ್ಲಿ ಬೆರಿ ಕ್ಯಾನನ್ ಎಂಬ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ತೀರಿಕೊಂಡರು. ಅವರಿಗಾಗ 33 ವರ್ಷ. ಮನೆಯಲ್ಲಿ ಹೆಂಡತಿ, ಮೂವರು ಗಂಡುಮಕ್ಕಳು. ಅವರನ್ನು ಕೊಂದದ್ದು ತಿಮಿಂಗಿಲವಲ್ಲ, ಬಿರುಗಾಳಿಯಲ್ಲ, ನೀರಿನ ಒತ್ತಡವೂ ಅಲ್ಲ. ಅಧಿಕೃತ ತನಿಖೆಯ ಪ್ರಕಾರ ಅವರನ್ನು ಕೊಂದದ್ದು ಹಗೇವಿನಲ್ಲಿ ಮನುಷ್ಯನನ್ನು ಕೊಲ್ಲುವ ಅದೇ ಅನಿಲ. ಅದೂ ಅವರದೇ ಉಸಿರಿನಿಂದ ಹೊರಬಿದ್ದದ್ದು.

ಕ್ಯಾನನ್ 1935ರಲ್ಲಿ ಫ್ಲೋರಿಡಾ ರಾಜ್ಯದಲ್ಲಿ ಹುಟ್ಟಿದವರು. ಅದೇ ರಾಜ್ಯದ ಪನಾಮಾ ಸಿಟಿ ಎಂಬ ಕಡಲತೀರದ ಊರಿನಲ್ಲಿ ಅಮೆರಿಕದ ನೌಕಾಪಡೆಗೆ ಒಂದು ಪ್ರಯೋಗಾಲಯವಿತ್ತು. ಶತ್ರುಗಳು ಸಮುದ್ರದಲ್ಲಿ ಹುದುಗಿಸಿಡುವ ಸಿಡಿಗುಂಡುಗಳಿಂದ ಹಡಗುಗಳನ್ನು ಕಾಪಾಡುವುದು ಹೇಗೆಂದು ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ಕ್ಯಾನನ್ ಅಲ್ಲಿ ಎಂಜಿನಿಯರ್. ಸಮವಸ್ತ್ರ ತೊಟ್ಟ ಯೋಧರಲ್ಲ, ನಾಗರಿಕ ನೌಕರರು. ತಂತಿ, ಮೀಟರು, ಸಂಕೇತಗಳ ನಡುವೆ ದಿನ ಕಳೆಯಬೇಕಾದ ಮನುಷ್ಯ ಸಮುದ್ರದ ತಳಕ್ಕೆ ಹೋದದ್ದು, ಆ ಕಾಲದಲ್ಲಿ ನೌಕಾಪಡೆ ಕೈಗೆತ್ತಿಕೊಂಡ ‘ಸೀಲ್ಯಾಬ್’ ಎಂಬ ಯೋಜನೆಯ ಮೂಲಕ. ಸೀಲ್ಯಾಬ್ ಎಂದರೆ ಸಮುದ್ರದ ತಳದಲ್ಲಿ ಇಡುವ ಉಕ್ಕಿನ ಮನೆ. ಅದರ ಮೊದಲನೆಯದು ಸಿದ್ಧವಾದದ್ದು ಇದೇ ಪನಾಮಾ ಸಿಟಿಯಲ್ಲಿ.

ಸಮುದ್ರದ ತಳದಲ್ಲಿ ಮನೆ ಏಕೆ? ಬೆಳಿಗ್ಗೆ ಮುಳುಗಿ ಸಂಜೆ ಮೇಲೆ ಬಂದರಾಗದೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ನಮ್ಮ ತುಂಗಭದ್ರಾ ಅಣೆಕಟ್ಟಿನ ಎತ್ತರ ಬುನಾದಿಯಿಂದ ಸುಮಾರು 49 ಮೀಟರ್. ಅಷ್ಟು ಆಳದ ನೀರಿನ ಅಡಿಯಲ್ಲಿ ನಿಂತರೆ ಮೈಮೇಲೆ ಆರು ವಾತಾವರಣದ ಒತ್ತಡ. ಅಲ್ಲಿ ಎದೆ ಹಿಗ್ಗಬೇಕಾದರೆ ಒಳಗೆ ಎಳೆದುಕೊಳ್ಳುವ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕು. ಒತ್ತಡದಲ್ಲಿರುವ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ಆಗ ತಟ್ಟನೆ ಮೇಲೆ ಬಂದರೆ? ಗೋಲಿ ಸೋಡಾದ ಗೋಲಿಯನ್ನು ಒತ್ತಿದ ಕ್ಷಣವನ್ನು ನೆನೆಯಿರಿ. ಒತ್ತಡ ಇಳಿದ ಕೂಡಲೇ ಕರಗಿದ್ದ ಅನಿಲವೆಲ್ಲ ಗುಳ್ಳೆಯಾಗಿ ನುಗ್ಗುತ್ತದೆ. ನಮ್ಮ ರಕ್ತದಲ್ಲಿ ಹೀಗಾದರೆ ಕೀಲುನೋವು, ಪಾರ್ಶ್ವವಾಯು, ಸಾವು. ಆದ್ದರಿಂದ ಮುಳುಗುಗಾರ ಮೇಲೆ ಬರುವಾಗ ಅಲ್ಲಲ್ಲಿ ನಿಂತು, ಒತ್ತಡವನ್ನು ಸ್ವಲ್ಪಸ್ವಲ್ಪವೇ ಇಳಿಸಿಕೊಳ್ಳಬೇಕು. ಹೆಚ್ಚು ಆಳಕ್ಕೆ ಹೋದರೆ ಅರ್ಧ ಗಂಟೆಯ ಕೆಲಸಕ್ಕೆ ಗಂಟೆಗಟ್ಟಲೆ ಕಾಯುವ ದಂಡ.

ಜಾರ್ಜ್ ಬಾಂಡ್ ಎಂಬ ನೌಕಾಪಡೆಯ ವೈದ್ಯರು 1957ರಿಂದ ಇದರ ಮೇಲೆ ಪ್ರಯೋಗ ನಡೆಸಿದರು. ಅವರ ವಿಚಾರ ಸರಳವಾಗಿತ್ತು. ಒಂದು ಬಟ್ಟೆಯನ್ನು ಬಕೀಟಿನ ನೀರಿನಲ್ಲಿ ನೆನೆಹಾಕಿ. ಪೂರ್ತಿ ನೆನೆದ ಮೇಲೆ ಅದನ್ನು ಒಂದು ಗಂಟೆ ಬಿಟ್ಟರೂ ಒಂದು ದಿನ ಬಿಟ್ಟರೂ ಅದು ಹಿಡಿಯುವ ನೀರು ಅಷ್ಟೇ. ಒಣಗಲು ಬೇಕಾದ ಹೊತ್ತೂ ಅಷ್ಟೇ. ಮನುಷ್ಯನ ದೇಹವೂ ಒಂದು ಆಳದಲ್ಲಿ ಸುಮಾರು ಒಂದು ದಿನ ಕಳೆದರೆ ಅನಿಲದಿಂದ ಪೂರ್ತಿ ನೆನೆಯುತ್ತದೆ. ಆಮೇಲೆ ಒಂದು ತಿಂಗಳು ಅಲ್ಲೇ ಇದ್ದರೂ ಮೇಲೆ ಬರುವಾಗಿನ ದಂಡ ಹೆಚ್ಚುವುದಿಲ್ಲ. ಹಾಗಿದ್ದರೆ ದಿನವೂ ಹತ್ತಿ ಇಳಿಯುವುದೇಕೆ? ತಳದಲ್ಲೇ ಮನೆ ಮಾಡಿ, ಕೆಲಸವೆಲ್ಲ ಮುಗಿಸಿ, ಒಂದೇ ಸಲ ದಂಡ ಕಟ್ಟಿದರಾಯಿತು.

ಇಂಥ ಮನೆಗೆ ಇನ್ನೊಂದು ಸೊಗಸಿದೆ. ಅದರ ನೆಲದಲ್ಲಿ ತೆರೆದ ಬಾಯಿ ಇಟ್ಟರೂ ನೀರು ಒಳಗೆ ನುಗ್ಗುವುದಿಲ್ಲ. ಲೋಟವನ್ನು ಬೋರಲು ಹಾಕಿ ನೀರಿನೊಳಗೆ ಒತ್ತಿದರೆ ಒಳಗಿನ ಗಾಳಿ ನೀರನ್ನು ತಡೆಯುತ್ತದಲ್ಲ, ಹಾಗೆ. ಒಳಗಿನ ಅನಿಲದ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮನಾಗಿರುವತನಕ ಆ ಬಾಯಿ ಕನ್ನಡಿಯಂತೆ ನಿಂತ ಒಂದು ಪುಟ್ಟ ಕೊಳ. ಅದರಲ್ಲಿ ಇಳಿದರೆ ಅಂಗಳಕ್ಕೆ ಇಳಿದ ಹಾಗೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಜಲಸ್ತಂಭ ವಿದ್ಯೆಯನ್ನು ನೀವು ಪಾಠದಲ್ಲಿ ಓದಿರಬಹುದು. ಈ ಮನೆಯ ವಿದ್ಯೆ ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹಿಡಿಸುತ್ತದೆ.

ಮೊದಲ ಸೀಲ್ಯಾಬ್ 1964ರ ಜುಲೈನಲ್ಲಿ ಬರ್ಮುಡಾ ದ್ವೀಪದ ಬಳಿ ಇಳಿಯಿತು. ನಾಲ್ವರು 11 ದಿನ ಇದ್ದರು. ಬಿರುಗಾಳಿ ಹತ್ತಿರ ಬಂದದ್ದರಿಂದ ಬೇಗ ಮೇಲೆತ್ತಬೇಕಾಯಿತು. ಎರಡನೆಯದು 1965ರ ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾ ಊರಿನೆದುರು 62 ಮೀಟರ್ ಆಳದಲ್ಲಿ ಕೂತಿತು. ಉದ್ದ ಸುಮಾರು 17 ಮೀಟರ್. ಅಗಲ ನಾಲ್ಕು ಮೀಟರಿಗೂ ಕಡಿಮೆ. ಹತ್ತು ಜನರ ತಂಡ 15 ದಿನ ಅದರಲ್ಲಿ ವಾಸ. ಮೊದಲ ತಂಡದಲ್ಲಿ ಬೆರಿ ಕ್ಯಾನನ್ ಇದ್ದರು. ಆ ತಂಡದ ನಾಯಕರ ಹೆಸರು ಜಗತ್ತಿಗೆಲ್ಲ ಗೊತ್ತಿತ್ತು: ಸ್ಕಾಟ್ ಕಾರ್ಪೆಂಟರ್, 1962ರಲ್ಲಿ ಭೂಮಿಯನ್ನು ಮೂರು ಸುತ್ತು ಹಾಕಿ ಬಂದ ಗಗನಯಾತ್ರಿ. ಪತ್ರಿಕೆಗಳು ಬರೆದದ್ದೆಲ್ಲ ಕಾರ್ಪೆಂಟರ್ ಬಗ್ಗೆಯೇ. ಅದು ಸಹಜ. ಆದರೆ ಎಂಜಿನಿಯರ್ ಆಗಬೇಕೆಂದು ಓದುತ್ತಿರುವ ನಿಮಗೆ ಕ್ಯಾನನ್‌ರ ಬದುಕು ಹೆಚ್ಚು ಹತ್ತಿರದ್ದು ಎಂದು ನನಗೆ ತೋರುತ್ತದೆ.

ಆ ಮನೆಯೊಳಗಿನ ಬದುಕು ಹೇಗಿತ್ತು? ನೆಲ ಸಮವಾಗಿರಲಿಲ್ಲ, ಮನೆ ಓರೆಯಾಗಿ ಕೂತಿತ್ತು. ಮೇಜಿನ ಮೇಲಿಟ್ಟದ್ದು ಜಾರುತ್ತಿತ್ತು. ಹೊರಗೆ ಕತ್ತಲು, ಕೊರೆಯುವ ತಣ್ಣೀರು. ಮೇಲಿನಿಂದ ಸಾಮಾನು, ಟಪಾಲು ತರುವುದಕ್ಕೆ ಟಫಿ ಎಂಬ ಪಳಗಿಸಿದ ಡಾಲ್ಫಿನ್ ಇತ್ತು. ಒಂದು ದಿನ ಕಾರ್ಪೆಂಟರ್ ಆಗಸದಲ್ಲಿ ಸುತ್ತುತ್ತಿದ್ದ ಜೆಮಿನಿ ನೌಕೆಯ ಗಗನಯಾತ್ರಿ ಗಾರ್ಡನ್ ಕೂಪರ್ ಜೊತೆ ಮಾತಾಡಿದರು. ಒಬ್ಬ ಭೂಮಿಯಾಚೆ, ಇನ್ನೊಬ್ಬ ಕಡಲ ಕೆಳಗೆ.

ಮಾತು ಮಾತ್ರ ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಏಕೆಂದರೆ ಮನೆಯಲ್ಲಿ ತುಂಬಿದ್ದು ನಮ್ಮ ಗಾಳಿಯಲ್ಲ. ಹೆಚ್ಚಿನ ಒತ್ತಡದಲ್ಲಿ ಸಾರಜನಕ ಹೆಂಡದಂತೆ ಅಮಲೇರಿಸುತ್ತದೆ. ಅದರ ಬಹುಪಾಲನ್ನು ತೆಗೆದು ಹೀಲಿಯಂ ತುಂಬಿದ್ದರು. ಹೀಲಿಯಂನಲ್ಲಿ ಶಬ್ದದ ವೇಗ ಹೆಚ್ಚು. ಗಡಸು ಗಂಟಲಿನವನ ಮಾತೂ ಬಾತುಕೋಳಿಯ ಕೂಗಿನಂತಾಗುತ್ತದೆ. ಕಾರ್ಪೆಂಟರ್ ಮೇಲೆ ಬಂದು ಒತ್ತಡ ಇಳಿಸುವ ಕೋಣೆಯಲ್ಲಿದ್ದಾಗ ಅಧ್ಯಕ್ಷ ಜಾನ್ಸನ್ ಫೋನಿನಲ್ಲಿ ಅಭಿನಂದಿಸಿದರು. ಅತ್ತ ಅಧ್ಯಕ್ಷರ ಗಂಭೀರ ದನಿ, ಇತ್ತ ಬಾತುಕೋಳಿ. ಹೀಲಿಯಂನ ಇನ್ನೊಂದು ಕಾಟ ಚಳಿ. ಅದು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು ಆರು ಪಟ್ಟು ಬೇಗ ಕದಿಯುತ್ತದೆ. ನಮ್ಮ ರಾಯಚೂರಿನ ಬೇಸಿಗೆಯ ಬೆಳಗಿನಷ್ಟು ಬಿಸಿ ಇಟ್ಟರೂ ಅಲ್ಲಿ ಹಾಯೆನಿಸುತ್ತಿತ್ತೇ ಹೊರತು ಸೆಕೆಯಲ್ಲ.

ಈಗ ಲಾಟೀನಿಗೆ ಮರಳೋಣ. ಸೀಲ್ಯಾಬ್ ಎರಡರೊಳಗೆ ಲಾಟೀನು ಹಚ್ಚಲು ಹೋಗಿದ್ದರೆ ಬೆಂಕಿಕಡ್ಡಿಯೇ ಹೊತ್ತಿಕೊಳ್ಳುತ್ತಿರಲಿಲ್ಲ. ಅಲ್ಲಿದ್ದ ಆಮ್ಲಜನಕ ಕೇವಲ ನೂರಕ್ಕೆ 4 ಭಾಗ. ನಮ್ಮ ಗಾಳಿಯಲ್ಲಿ 21 ಭಾಗ. ಹಗೇವಿನ ಲೆಕ್ಕದಲ್ಲಿ ಅಲ್ಲಿ ಮನುಷ್ಯ ಬದುಕಲೇಬಾರದು. ಆದರೂ ಹತ್ತು ಜನ ಉಂಡು, ಮಲಗಿ, ಹರಟೆ ಹೊಡೆದುಕೊಂಡಿದ್ದರು! ಗುಟ್ಟು ಇಷ್ಟೇ. ಬೆಂಕಿ ನೋಡುವುದು ಮುಖ್ಯವಾಗಿ ಗಾಳಿಯಲ್ಲಿ ಆಮ್ಲಜನಕದ ಪಾಲು ಎಷ್ಟೆಂದು. ನಮ್ಮ ರಕ್ತ ನೋಡುವುದು ಆ ಪಾಲಿನ ಒತ್ತಡ ಎಷ್ಟೆಂದು. ಅಲ್ಲಿ ಒಟ್ಟು ಒತ್ತಡ ಏಳು ಪಟ್ಟು. ನಾಲ್ಕನ್ನು ಏಳರಿಂದ ಗುಣಿಸಿ: 28. ಅಂದರೆ ರಕ್ತದ ಲೆಕ್ಕದಲ್ಲಿ ಅಲ್ಲಿ ಆಮ್ಲಜನಕ ನಮಗಿಂತ ಸ್ವಲ್ಪ ಹೆಚ್ಚೇ ಇತ್ತು. ಭೌತಶಾಸ್ತ್ರದ ತರಗತಿಯಲ್ಲಿ ‘ಆಂಶಿಕ ಒತ್ತಡ’ ಎಂಬ ಮಾತು ಬಂದಾಗ ನಿದ್ದೆ ಮಾಡುವವರು ಈ ಗುಣಾಕಾರವನ್ನು ನೆನಪಿಡಿ.

ಇದೇ ಗುಣಾಕಾರ ಇಂಗಾಲದ ಡೈಆಕ್ಸೈಡಿಗೂ ಅನ್ವಯಿಸುತ್ತದೆ, ಅಪಾಯವಿರುವುದು ಅಲ್ಲೇ. ನೆಲದ ಮೇಲೆ ನೂರಕ್ಕೆ 10 ಭಾಗ ಇಂಗಾಲದ ಡೈಆಕ್ಸೈಡ್ ಇರುವ ಗಾಳಿ ಕೆಲವೇ ನಿಮಿಷಗಳಲ್ಲಿ ಮನುಷ್ಯನ ಪ್ರಜ್ಞೆ ತಪ್ಪಿಸುತ್ತದೆ. 186 ಮೀಟರ್ ಆಳದಲ್ಲಿ ಒತ್ತಡ ಹತ್ತೊಂಬತ್ತು ಪಟ್ಟಿಗಿಂತ ಹೆಚ್ಚು. ಅಲ್ಲಿ ನೂರಕ್ಕೆ ಅರ್ಧ ಭಾಗವೇ ಆ ಕೆಲಸ ಮಾಡಬಲ್ಲದು.

ಅಷ್ಟು ಆಳದಲ್ಲಿ ಮುಳುಗುಗಾರ ತಾನು ಬಿಟ್ಟ ಉಸಿರನ್ನು ನೀರಿಗೆ ಬಿಟ್ಟುಬಿಡುವಂತಿಲ್ಲ. ಪ್ರತಿ ಉಸಿರಿಗೂ ನೆಲದ ಮೇಲಿನ ಹತ್ತೊಂಬತ್ತು ಉಸಿರಿನಷ್ಟು ಅನಿಲ ಖರ್ಚು; ಹೀಲಿಯಂ ದುಬಾರಿ. ಆದ್ದರಿಂದ ಬಿಟ್ಟ ಉಸಿರಿನ ಬಹುಪಾಲನ್ನು ಬೆನ್ನಿಗೆ ಕಟ್ಟಿದ ಡಬ್ಬಿಯ ಮೂಲಕ ಹಾಯಿಸಿ ಮತ್ತೆ ಸೇದುತ್ತಾರೆ. ಆ ಡಬ್ಬಿಯಲ್ಲಿ ಬ್ಯಾರಲೈಮ್ ಎಂಬ ಹರಳು ಇರುತ್ತಿತ್ತು. ಹೆಸರು ದೊಡ್ಡದು, ಜಾತಿ ಮಾತ್ರ ನಮ್ಮ ಸುಣ್ಣದ್ದೇ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ನೀವು ಶಾಲೆಯ ಪ್ರಯೋಗದಲ್ಲಿ ನೋಡಿದ್ದೀರಿ. ಹಬ್ಬಕ್ಕೆ ಗೋಡೆಗೆ ಬಳಿದ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡೇ. ಮುಳುಗುಗಾರನ ಪ್ರಾಣ ನಿಂತಿದ್ದದ್ದು ಆ ಡಬ್ಬಿಯ ಸುಣ್ಣದ ಮೇಲೆ.

ಮೂರನೆಯ ಸೀಲ್ಯಾಬ್ ದೊಡ್ಡ ಹೆಜ್ಜೆ. ಎರಡನೆಯದಕ್ಕಿಂತ ಮೂರು ಪಟ್ಟು ಆಳ. 1969ರ ಫೆಬ್ರವರಿ 15ರಂದು ಸ್ಯಾನ್ ಕ್ಲೆಮೆಂಟೆ ದ್ವೀಪದ ಬಳಿ ಅದನ್ನು ತಳಕ್ಕೆ ಇಳಿಸಿದರು. ಇಳಿದ ಕೂಡಲೇ ತೊಂದರೆ ಶುರುವಾಯಿತು. ಒಳಗಿನ ಹೀಲಿಯಂ ಸೋರುತ್ತಿತ್ತು. ಮೇಲಿನ ಹಡಗಿನಿಂದ ಅನಿಲ ತುಂಬುತ್ತಲೇ ಇರಬೇಕು. ತುಂಬುವುದಕ್ಕೂ ಒಂದು ಮಿತಿಯಿದೆ. ನಿಲ್ಲಿಸಿದರೆ ನೀರು ಒಳನುಗ್ಗಿ ಮನೆಯೇ ಹಾಳು. ಮನುಷ್ಯರೇ ಇಳಿದು ಒಳಹೊಕ್ಕು ಸೋರಿಕೆಯನ್ನು ಹುಡುಕಿ ಮುಚ್ಚಬೇಕು ಎಂದು ತೀರ್ಮಾನವಾಯಿತು.

ನಾಲ್ವರನ್ನು ಆರಿಸಿದರು: ಬಾಬ್ ಬಾರ್ತ್, ಬೆರಿ ಕ್ಯಾನನ್, ರಿಚರ್ಡ್ ಬ್ಲ್ಯಾಕ್‌ಬರ್ನ್, ಜಾನ್ ರೀವ್ಸ್. ಹಡಗಿನ ಮೇಲಿನ ಕೋಣೆಯಲ್ಲೇ ಅವರ ದೇಹವನ್ನು ಆ ಆಳದ ಒತ್ತಡಕ್ಕೆ ಒಗ್ಗಿಸಿ, ಉಕ್ಕಿನ ಗೋಳದಲ್ಲಿ ಕೂರಿಸಿ ಕೆಳಗಿಳಿಸಿದರು. ಗೋಳದೊಳಗೂ ಹೀಲಿಯಂ, ತಳ ಮುಟ್ಟುವ ಹೊತ್ತಿಗೆ ನಡುಗುತ್ತಿದ್ದರು. ಬಾರ್ತ್ ಮತ್ತು ಕ್ಯಾನನ್ ಈಜಿ ಹೋಗಿ ಮನೆಯ ಬಾಗಿಲು ತೆರೆಯಲು ನೋಡಿದರು. ಆಗಲಿಲ್ಲ. ಗೋಳಕ್ಕೆ ಮರಳಿ ಮೇಲೆ ಬಂದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಇಬ್ಬರೂ ದಣಿದಿದ್ದಾರೆ. ನಿದ್ದೆಯಿಲ್ಲ. ಮೈ ಚಳಿಗೆ ಮರಗಟ್ಟಿದೆ. ಕೆಳಗೆ ಕೋಟ್ಯಂತರ ರೂಪಾಯಿಯ ಮನೆ ಸೋರುತ್ತಿದೆ. ವರ್ಷಗಟ್ಟಲೆ ದುಡಿದ ಯೋಜನೆ. ಅದರ ಬಗ್ಗೆ ಅಷ್ಟೆಲ್ಲ ತಿಳಿದ ಎಂಜಿನಿಯರನಿಗೆ ‘ನಾಳೆ ನೋಡೋಣ’ ಎನ್ನುವುದು ಸುಲಭವೇ? ಮೇಲಿದ್ದವರಿಗಾದರೂ ಸುಲಭವಿತ್ತೇ? ಆ ರಾತ್ರಿ ಯಾರೂ ಹಾಗೆ ಹೇಳಲಿಲ್ಲ. ಕೆಲವೇ ಗಂಟೆಗಳ ಬಿಡುವಿನ ನಂತರ ನಾಲ್ವರೂ ಮತ್ತೆ ಇಳಿದರು.

ಬಾರ್ತ್ ಬಾಗಿಲ ಬಳಿ ಹಾರೆಯಿಂದ ಮೀಟುತ್ತಿದ್ದರು. ತಿರುಗಿ ನೋಡಿದರೆ ಕ್ಯಾನನ್ ಮೈ ಸೆಟೆದು ಒದ್ದಾಡುತ್ತಿದ್ದಾರೆ. ಉಸಿರಿನ ಕೊಳವೆ ಬಾಯಿಂದ ಕಳಚಿದೆ. ಬಾರ್ತ್ ತಮ್ಮ ಬಳಿಯಿದ್ದ ಹೆಚ್ಚುವರಿ ಕೊಳವೆಯನ್ನು ಅವರ ಬಾಯಿಗೆ ತುರುಕಲು ನೋಡಿದರು. ದವಡೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಸಮುದ್ರದ ತಳದ ಕ್ಯಾಮೆರಾ ಕಳಿಸುತ್ತಿದ್ದ ಮಸುಕು ಚಿತ್ರದಲ್ಲಿ ಹಡಗಿನಲ್ಲಿದ್ದವರು ಇದನ್ನು ಟೆಲಿವಿಷನ್ ಪರದೆಯ ಮೇಲೆ ನೋಡುತ್ತಿದ್ದರು. ನೋಡುವುದಷ್ಟೇ ಅವರಿಂದ ಸಾಧ್ಯವಿತ್ತು. ಬಾರ್ತ್ ಎಳೆದು ತಂದರು. ಗೋಳದಿಂದ ಬ್ಲ್ಯಾಕ್‌ಬರ್ನ್ ಹೊರಬಂದು ಕೈಕೊಟ್ಟರು. ಕ್ಯಾನನ್ ಬದುಕಲಿಲ್ಲ. ಉಳಿದ ಮೂವರು ಕೂಡಲೇ ಹೊರಬರುವಂತೆಯೂ ಇರಲಿಲ್ಲ. ಹಿಂದೆ ಹೇಳಿದ ದಂಡವನ್ನು ಕಟ್ಟಲೇಬೇಕಲ್ಲ. ಗೆಳೆಯನನ್ನು ಕಳೆದುಕೊಂಡವರು ದಿನಗಟ್ಟಲೆ ಉಕ್ಕಿನ ಕೋಣೆಯಲ್ಲೇ ಕಳೆದರು.

ತನಿಖೆಯಲ್ಲಿ ನಾಲ್ಕು ಉಸಿರಾಟದ ಸಾಧನಗಳನ್ನು ಬಿಚ್ಚಿ ನೋಡಿದರು. ಮೂರರಲ್ಲಿ ಬ್ಯಾರಲೈಮ್ ಇತ್ತು. ಒಂದರ ಡಬ್ಬಿ ಖಾಲಿ. ಅದು ಕ್ಯಾನನ್ ತೊಟ್ಟದ್ದು ಎಂದು ತೀರ್ಮಾನಿಸಿದರು. ಕ್ಯಾನನ್‌ರಿಗೆ ಉಸಿರು ಭಾರವಾಗಿದ್ದಿರಬಹುದು. ಆದರೆ ಕೊರೆಯುವ ನೀರಿನಲ್ಲಿ, ಭಾರದ ಕೆಲಸದಲ್ಲಿ ಯಾರ ಉಸಿರು ಭಾರವಾಗುವುದಿಲ್ಲ? ಈ ಅನಿಲದ ಮೋಸ ಅದೇ. ಬಾವಿಯಲ್ಲಿ, ಹಗೇವಿನಲ್ಲಿ, ಚರಂಡಿಯ ಗುಂಡಿಯಲ್ಲಿ ಒಬ್ಬ ಬಿದ್ದಾಗ ಅವನನ್ನೆತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಸಾಯುವ ಸುದ್ದಿ ಇಂದಿಗೂ ಬರುತ್ತದೆ. ಲಾಟೀನಿನ ಪರೀಕ್ಷೆ ಹಿರಿಯರ ಕಾಲಕ್ಕೆ ಒಳ್ಳೆಯದೇ. ಈಗ ಅದನ್ನು ನಂಬಬೇಡಿ. ದೀಪ ಉರಿಯುತ್ತಿದ್ದರೂ ಇಂಗಾಲದ ಡೈಆಕ್ಸೈಡ್ ಕೊಲ್ಲುವಷ್ಟು ಇರಬಹುದು. ಚರಂಡಿಯ ಗುಂಡಿಯಲ್ಲಂತೂ ದೀಪದಿಂದಲೇ ಸ್ಫೋಟವಾದೀತು. ಒಬ್ಬ ಒಳಗೆ ಕುಸಿದರೆ ಹಿಂದೆ ಇಳಿಯದೆ ಅಗ್ನಿಶಾಮಕ ದಳವನ್ನು ಕರೆಯಬೇಕು.

ಸೀಲ್ಯಾಬ್ ಅಲ್ಲಿಗೇ ನಿಂತಿತು. ಮನೆಯನ್ನು ಮೇಲೆತ್ತಿದರು, ಮತ್ತೆ ಇಳಿಸಲಿಲ್ಲ. ಅದೇ 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಕಡಲ ತಳದ ಸುದ್ದಿ ಜನರಿಗೆ ಮರೆತುಹೋಯಿತು.

ವಿದ್ಯೆ ಮಾತ್ರ ಉಳಿಯಿತು. ಸಮುದ್ರದಡಿಯ ತೈಲಬಾವಿ, ಕೊಳವೆಮಾರ್ಗಗಳ ಕೆಲಸಕ್ಕೆ ಇಂದು ಜಗತ್ತಿನೆಲ್ಲೆಡೆ ಮುಳುಗುಗಾರರು ಇದೇ ‘ನೆನೆದ ಬಟ್ಟೆ’ಯ ವಿಧಾನದಲ್ಲಿ ದುಡಿಯುತ್ತಾರೆ. ಒಂದೇ ವ್ಯತ್ಯಾಸ: ಮನೆ ಕಡಲ ತಳದಲ್ಲಿಲ್ಲ, ಹಡಗಿನ ಮೇಲಿದೆ. ಒತ್ತಡ ತುಂಬಿದ ಕೋಣೆಯಲ್ಲಿ ವಾರಗಟ್ಟಲೆ ವಾಸ; ಗಂಟೆಯಾಕಾರದ ತೊಟ್ಟಿಲಲ್ಲಿ ಕೂತು ಕೆಲಸಕ್ಕೆ ಇಳಿಯುವುದು. ನಮ್ಮ ನೌಕಾಪಡೆಗೆ 2025ರ ಜುಲೈ 18ರಂದು ವಿಶಾಖಪಟ್ಟಣದಲ್ಲಿ ಸೇರಿದ ‘ಐಎನ್‌ಎಸ್ ನಿಸ್ತಾರ್’ ಹಡಗಿನಿಂದ 300 ಮೀಟರ್ ಆಳದವರೆಗೆ ಹೀಗೆ ಇಳಿಯಬಹುದು. ಅದನ್ನು ಕಟ್ಟಿದ್ದು ನಮ್ಮದೇ ಹಿಂದೂಸ್ತಾನ್ ಶಿಪ್‌ಯಾರ್ಡ್.

ಸಮುದ್ರದ ತಳದ ಮನೆಗಳಲ್ಲಿ ಹೆಸರಾದದ್ದು ಫ್ಲೋರಿಡಾದ ‘ಅಕ್ವೇರಿಯಸ್’. ಸುಮಾರು 19 ಮೀಟರ್ ಆಳದ ಅದರಲ್ಲಿ ನಾಸಾ ಸಂಸ್ಥೆ 2001ರಿಂದ ಗಗನಯಾತ್ರಿಗಳಿಗೆ, ಎಂಜಿನಿಯರುಗಳಿಗೆ ತರಬೇತಿ ಕೊಟ್ಟಿತು. ಅಲ್ಲೂ 2009ರ ಮೇ ತಿಂಗಳಲ್ಲಿ ಡ್ಯೂಯಿ ಸ್ಮಿತ್ ಎಂಬ ಮುಳುಗುಗಾರ ಸತ್ತದ್ದು ಉಸಿರನ್ನು ಮರುಬಳಸುವ ಸಾಧನ ಆಮ್ಲಜನಕ ಕೊಡದೆ ಕೈಕೊಟ್ಟದ್ದರಿಂದಲೇ.

2025ರ ಜನವರಿಯಲ್ಲಿ ರೂಡಿಗರ್ ಕಾಕ್ ಎಂಬ ಜರ್ಮನಿಯ ವಿಮಾನ-ಗಗನಯಾನ ಎಂಜಿನಿಯರ್ ಪನಾಮಾ ದೇಶದ ತೀರದಾಚೆ 11 ಮೀಟರ್ ಆಳದ ಕೋಣೆಯಲ್ಲಿ 120 ದಿನ ಕಳೆದು ದಾಖಲೆ ಮಾಡಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅವರ ಸಾಹಸ ದೊಡ್ಡದೇ. ಆದರೆ ಬಗೆ ಬೇರೆ. ಅವರ ಕೋಣೆಯಲ್ಲಿದ್ದದ್ದು ನಮ್ಮ ನಿಮ್ಮ ಮನೆಯ ಒತ್ತಡವೇ. ಮೇಲಿನ ಮನೆಯಿಂದ ಸುರುಳಿ ಮೆಟ್ಟಿಲಿಳಿದು ಜನ ಊಟ ತಂದುಕೊಡುತ್ತಿದ್ದರು. ಬೇಕೆಂದಾಗ ಅವರು ಮೆಟ್ಟಿಲು ಹತ್ತಿ ಬರಬಹುದಿತ್ತು. ಕ್ಯಾನನ್‌ರಿಗೆ ಆ ಮೆಟ್ಟಿಲು ಇರಲಿಲ್ಲ.

ಉಸಿರನ್ನು ಮರುಬಳಸುವ ಸಾಧನ ತೊಡುವವರು ಈಗ ನೀರಿಗಿಳಿಯುವ ಮುನ್ನ ಒಂದು ಪಟ್ಟಿ ಹಿಡಿದು, ಡಬ್ಬಿಗೆ ಹರಳು ತುಂಬಿದ ದಿನ, ಎಷ್ಟು ಹೊತ್ತು ಬಳಸಿಯಾಗಿದೆ ಎಂಬುದನ್ನೆಲ್ಲ ಗೆರೆ ಗೆರೆಯಾಗಿ ಗುರುತು ಮಾಡುತ್ತಾರೆ. ಆಮೇಲೆ ದಡದಲ್ಲೋ ದೋಣಿಯಲ್ಲೋ ಸುಮ್ಮನೆ ಕೂತು, ಮೂಗು ಮುಚ್ಚಿ, ಸುಮಾರು ಐದು ನಿಮಿಷ ಆ ಸಾಧನದಿಂದಲೇ ಉಸಿರಾಡುತ್ತಾರೆ. ಪಕ್ಕದಲ್ಲಿ ಜೊತೆಗಾರ ಗಡಿಯಾರ ನೋಡುತ್ತಾ ಅವರ ಮುಖವನ್ನು ಗಮನಿಸುತ್ತಿರುತ್ತಾನೆ.